ಸೊನ್ನೆ ಬಿಂದು ಒಂದು ಐದು

"ಅಕ್ಕಾ, ನೀವು ಒಳಗೆ ಕೂತು ಕಾಫಿ ಕುಡಿಯಿರಿ"
ಅನ್ನುತ್ತಿದ್ದ ವರಾಜ್‌ದಾತ್, ಪ್ರತಿ ಸಲ.
ಹದಿನಾಲ್ಕು ವರ್ಷ ಕುಡಿದೆ.
ಗ್ಯುಮ್ರಿಯಲ್ಲಿ ಬಟ್ಟಲ ತಳದ ಗಸಿ ನೋಡಿ
ಮದುವೆ, ಸಾವು, ಪ್ರಯಾಣ ಎಲ್ಲ ಹೇಳುವವರಿದ್ದಾರೆ;
ಬಾನೆಟ್ಟಿನ ಕೆಳಗೆ ಅವನೇನು ಮಾಡುತ್ತಾನೆಂದು
ಒಬ್ಬರೂ ಹೇಳಲಿಲ್ಲ.

ನಾನು ಬಟ್ಟೆ ಹೊಲಿಯುವವಳು.
ಮದುಮಗಳ ಸೊಂಟಕ್ಕೂ ಲಂಗದ ಪಟ್ಟಿಗೂ ನಡುವೆ
ಎಷ್ಟು ಸಡಿಲ ಬಿಡಬೇಕು
ಕಣ್ಣಳತೆಯಲ್ಲೇ ಗೊತ್ತು ನನಗೆ.
ನನ್ನದೇ ಬಿಸ್ಕತ್ತು ಬಣ್ಣದ ಝಿಗುಲಿ ಕೆಮ್ಮಿದರೆ ಮಾತ್ರ
ಪರ್ಸಿನ ಜಿಪ್ಪು ಎಳೆಯುವುದಷ್ಟೇ ಗೊತ್ತಿತ್ತು.

ಫೆಬ್ರವರಿಯ ಬಿಲ್ಲು ಮೂರು ಲಂಗದಷ್ಟು ಉದ್ದ.
ಆ ಭಾನುವಾರ ಸಂತೆಯಲ್ಲಿ ಕೊಂಡೆ:
ಹದಿನೇಳರದೊಂದು ಸ್ಪ್ಯಾನರು, ಹದಿಮೂರರದೊಂದು,
ಎಲೆಯಷ್ಟು ತೆಳು ಉಕ್ಕಿನ ಒಂದು ಅಳತೆಪಟ್ಟಿ,
ಒಂದು ರಷ್ಯನ್ ಪುಸ್ತಕ —
ಅರವತ್ತೊಂದರಿಂದ ಅರವತ್ತೆಂಟರವರೆಗೆ
ಯಾರ ಮನೆಯ ಮಗುವೋ ದೋಣಿ ಮಾಡಿತ್ತು.

ಮೊದಲು ಎಣ್ಣೆ ಬದಲಿಸಿದೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಬಾರದಂತೆ;
ಅಂದವರು ಕಾರಿನಡಿ ಮಲಗಿದವರಲ್ಲ.
ಮೂರು ದಿನ ಎಡಗಣ್ಣು ಕೆಂಪು.
ಗಿರಾಕಿಗಳು ಕೇಳಿದರು, ಅತ್ತೆಯಾ?
ಅಲ್ಲ, ನಕ್ಕಿದ್ದಕ್ಕೆ, ಅಂದೆ.

ಆಮೇಲೆ ವಾಲ್ವು.
ಒಂದು, ಮೂರು, ನಾಲ್ಕು, ಎರಡು —
ಇನ್ನೂ ಎಣಿಕೆ ಕಲಿಯದ ಮಗುವಿನ ಹಾಗೆ
ಉರಿಯುತ್ತದೆ ಎಂಜಿನ್ನು.
ಎಂಟು ಸಂದು. ಒಂದೊಂದಕ್ಕೂ ಒಂದೇ ಅಳತೆ:
ಸೊನ್ನೆ ಬಿಂದು ಒಂದು ಐದು.
ಸಡಿಲವೆಂದರೆ ಸದ್ದು, ಸದ್ದೆಂದರೆ ನಾಚಿಕೆ ಅಂದುಕೊಂಡು
ಎಂಟನ್ನೂ ಬಿಗಿದೆ, ರವಿಕೆಯ ಗುಂಡಿ ಬಿಗಿದಂತೆ.

ಕಾರು ಮೌನವಾಯಿತು.
ಎಷ್ಟು ಮೌನವೆಂದರೆ
ಬೀದಿಯ ಏರು ಕೂಡ ಹತ್ತಲಿಲ್ಲ.

ಬಾಲ್ಕನಿ ಬಾಲ್ಕನಿಯಿಂದ ಇಳಿಯಿತು ಸಲಹೆ.
ಪ್ಲಗ್ಗು, ಪೆಟ್ರೋಲು, ದೃಷ್ಟಿ,
ಸರ್ಕಾರ ಎಂದವನೂ ಒಬ್ಬನಿದ್ದ.
ಮೂರನೇ ಮಹಡಿಯ ಶೋಘೆರಜ್ಜಿ ಮಾತ್ರ
ಚಪ್ಪಲಿಯಲ್ಲೇ ಇಳಿದು ಬಂದು
ಬಾನೆಟ್ಟಿಗೆ ಕಿವಿ ಕೊಟ್ಟಳು.
ಕಾಲುಚೀಲದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ನೇಯುವ ಯಂತ್ರ ರಿಪೇರಿ ಮಾಡಿದವಳು;
ಕಾರು ಓಡಿಸಿದವಳಲ್ಲ.

"ಉಸಿರು ಕಟ್ಟಿಸಿದ್ದೀಯ ಇದಕ್ಕೆ.
ಒಂದಿಷ್ಟು ಟಿಕಟಿಕ ಅನ್ನದ ಯಂತ್ರ
ಸಾಯ್ತಾ ಇರತ್ತೆ, ಹುಡುಗಿ."
ನನಗೆ ಐವತ್ತೆರಡು.

ತಣ್ಣಗಿದ್ದಾಗಲೇ ಅಳೆಯಬೇಕು.
ರಾತ್ರಿಯಿಡೀ ಕಾರು ಆರಲು ಬಿಟ್ಟು
ಬೆಳಗಿನ ಐದೂವರೆಗೆ, ಉಸಿರು ಹೊಗೆಯಾಗುವಾಗ,
ಹದಿನೇಳು ನನ್ನ ಬಲಗೈಲಿ, ಹದಿಮೂರು ಎಡಗೈಲಿ,
ಪಟ್ಟಿ ಹಿಡಿಯಲು ಮೂರನೇ ಕೈ ಬೇಕು —
ಅದು ಅವಳದು, ಗಂಟುಗಂಟಿನದು,
ನಡುಗುತ್ತಿತ್ತು, ಸಂದಿನೊಳಗೆ ಹೋದೊಡನೆ ನಿಂತಿತು.
"ಹಿಡಿಯಬೇಕು. ಕಚ್ಚಬಾರದು.
ಇದು ಕಚ್ಚುತ್ತಿದೆ. ಬಿಡು. ಇನ್ನೂ ಬಿಡು.
ಹಾಂ."

ಎಂಟು ಹಾಂ ಆಗುವಷ್ಟರಲ್ಲಿ ಹಾಲಿನವನು ಬಂದು ಹೋಗಿದ್ದ.
ಕೀಲಿ ತಿರುಗಿಸಿದೆ. ಎರಡು ಸಲ ಗೊಣಗಿ
ಹತ್ತಿಕೊಂಡಿತು,
ನನ್ನ ಹೊಲಿಗೆ ಯಂತ್ರದ ದೊಡ್ಡಕ್ಕನಂತೆ
ಟಿಕಟಿಕ, ಟಿಕಟಿಕ.
ಅಜ್ಜಿ ತಲೆಯಾಡಿಸಲೂ ಇಲ್ಲ.
ಮೆಟ್ಟಿಲ ಮೇಲೆ ಕೂತು ಇಬ್ಬರೂ ಮೊಸರು ತಿಂದೆವು,
ಕೈಯ ಕಪ್ಪು ಬಟ್ಟಲ ಅಂಚಿಗೂ ಹತ್ತಿತು.

ಒಂದು ವಾಷರು ಉಳಿದಿದೆ.
ಎಲ್ಲಿಯದೋ ಪುಸ್ತಕದಲ್ಲಿಲ್ಲ,
ಇದ್ದರೆ ದೋಣಿಯಾದ ಪುಟಗಳಲ್ಲಿರಬೇಕು.
ಆರ್ತಿಕ್‌ಗೆ ಹೋಗಿ ಬಂದೆ, ಎರಡು ಸಲ.
ಏನೂ ಉದುರಲಿಲ್ಲ.
ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.
ಗುಂಡಿ ಹುಡುಕುವಾಗಲೆಲ್ಲ
ಅದೇ ಮೊದಲು ಕೈಗೆ ಬರುತ್ತದೆ.